ಪಿಯೆರ್ ಮೆಂಡೆಸ್ ಫ್ರಾನ್ಸ್ ಅವರ ರಾಜಕೀಯ ಜೀವನವನ್ನು ಅಧ್ಯಯನ ಮಾಡುವುದು ಹೇಗೆ

ಎರಡನೇ ಮಹಾಯುದ್ಧದ ನಂತರದ ಫ್ರೆಂಚ್ ಪ್ರಧಾನಿಗಳ ಪಟ್ಟಿಯನ್ನು ಮೊದಲ ಸಲ ಕೈಗೆತ್ತಿಕೊಂಡ ವಿದ್ಯಾರ್ಥಿಗೆ ದಿಗಿಲಾಗುವುದು ಸಹಜ. 1946ರ ಸಂವಿಧಾನದೊಂದಿಗೆ ಆರಂಭವಾಗಿ 1958ರಲ್ಲಿ ಮುಗಿದ ನಾಲ್ಕನೇ ಗಣರಾಜ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳು ಬಂದುಹೋದವು. ಕೆಲವು ಒಂದು ತಿಂಗಳೂ ನಿಲ್ಲಲಿಲ್ಲ. ಆ ಸಾಲಿನಲ್ಲಿ 1954ರ ಜೂನ್‌ನಿಂದ 1955ರ ಫೆಬ್ರವರಿಯವರೆಗೆ, ಅಂದರೆ ಸುಮಾರು ಏಳೂವರೆ ತಿಂಗಳು ಅಧಿಕಾರದಲ್ಲಿದ್ದ ಪಿಯೆರ್ ಮೆಂಡೆಸ್ ಫ್ರಾನ್ಸ್ ಅವರ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ, ಅವರಿಗಿಂತ ಹೆಚ್ಚು ಕಾಲ ಆಳಿದವರ ಹೆಸರುಗಳು ಮಾತ್ರ ಪಠ್ಯಪುಸ್ತಕದ ಅಡಿಟಿಪ್ಪಣಿಗೆ ಸರಿದಿವೆ. ಇದು ಹೀಗೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಅಧಿಕಾರದ ಅವಧಿಯನ್ನು ಅಳೆಯುವ ರೂಢಿಯನ್ನು ಬಿಟ್ಟು, ಅವರು ತಮ್ಮ ಮೇಲೆ ತಾವೇ ಹೇರಿಕೊಂಡ ಷರತ್ತುಗಳನ್ನು ಒಂದೊಂದಾಗಿ ಹಿಂಬಾಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇತಿಹಾಸ ಅಥವಾ ರಾಜ್ಯಶಾಸ್ತ್ರವನ್ನು ಓದುತ್ತಿರುವವರಿಗೆ, ಈ ವಿಷಯವನ್ನು ಪಾಠ ಮಾಡುವವರಿಗೆ ಮತ್ತು ಕನ್ನಡದಲ್ಲಿ ಇದರ ಕುರಿತು ಲೇಖನ ಬರೆಯಬಯಸುವವರಿಗೆ ಆ ಕೆಲಸವನ್ನು ಹೇಗೆ ಮಾಡಬಹುದೆಂದು ಇಲ್ಲಿ ವಿವರಿಸಿದ್ದೇನೆ. ಅವರ ಕುಲನಾಮ ‘ಮೆಂಡೆಸ್ ಫ್ರಾನ್ಸ್’ ಎಂಬ ಎರಡು ಪದಗಳದ್ದು. ಬರೆಯುವಾಗ ಎರಡನ್ನೂ ಒಟ್ಟಿಗೆ ಉಳಿಸಿಕೊಂಡರೆ ದೇಶದ ಹೆಸರಿನೊಂದಿಗೆ ಗೊಂದಲವಾಗುವುದಿಲ್ಲ.

ಜೀವನಚರಿತ್ರೆಗೆ ಮೊದಲು ಸಂಸತ್ತಿನ ನಿಯಮ

ಅಧ್ಯಯನವನ್ನು ಹುಟ್ಟಿದ ದಿನಾಂಕದಿಂದ ಆರಂಭಿಸಬೇಡಿ. ರಾಷ್ಟ್ರೀಯ ಸಭೆಯ ನಿಯಮಗಳಿಂದ ಆರಂಭಿಸಿ. ನಮ್ಮ ಪದ್ಧತಿಯಲ್ಲಿ ಪ್ರಧಾನಿ ಮೊದಲು ಪ್ರಮಾಣವಚನ ಸ್ವೀಕರಿಸಿ, ಅಗತ್ಯಬಿದ್ದರೆ ಆಮೇಲೆ ಲೋಕಸಭೆಯಲ್ಲಿ ಬಹುಮತ ಸಾಬೀತುಪಡಿಸುತ್ತಾರೆ. ನಾಲ್ಕನೇ ಗಣರಾಜ್ಯದಲ್ಲಿ ಕ್ರಮ ತಿರುಗಾಮುರುಗಾ ಆಗಿತ್ತು. ರಾಷ್ಟ್ರಾಧ್ಯಕ್ಷರು ಒಬ್ಬ ವ್ಯಕ್ತಿಯನ್ನು ಸೂಚಿಸುತ್ತಿದ್ದರು. ಆ ವ್ಯಕ್ತಿ ಸಭೆಯ ಮುಂದೆ ನಿಂತು ತನ್ನ ಕಾರ್ಯಕ್ರಮವನ್ನು ಮಂಡಿಸಿ, ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತಗಳನ್ನು ಪಡೆದ ನಂತರವೇ ಮಂತ್ರಿಮಂಡಲದ ಅಧ್ಯಕ್ಷನಾಗಿ, ಅಂದರೆ ನಾವು ಪ್ರಧಾನಿ ಎನ್ನುವ ಹುದ್ದೆಗೆ, ನೇಮಕವಾಗುತ್ತಿದ್ದನು. 1950ರ ದಶಕದ ಆರಂಭದಲ್ಲಿ ಆ ಗೆರೆ 314 ಮತಗಳಷ್ಟಿತ್ತು. ಹಾಜರಿದ್ದು ಮತ ಹಾಕದವರೂ ಈ ಲೆಕ್ಕದಲ್ಲಿ ಅಭ್ಯರ್ಥಿಗೆ ಅಡ್ಡಿಯಾಗುತ್ತಿದ್ದರು. ಪಕ್ಷಾಂತರ ನಿಷೇಧದಂತಹ ಕಾಯ್ದೆ ಇರಲಿಲ್ಲ; ಕಮ್ಯುನಿಸ್ಟರನ್ನು ಬಿಟ್ಟರೆ ಬಹುತೇಕ ಪಕ್ಷಗಳು ಮುಖ್ಯ ಪ್ರಶ್ನೆಗಳಲ್ಲಿ ತಮ್ಮೊಳಗೇ ಒಡೆದು ಮತ ಹಾಕುತ್ತಿದ್ದವು. ಹೊಸ ಸಂವಿಧಾನದ ನಂತರ, ಅಂದರೆ 1958ರಿಂದ ಈಚೆಗೆ, ರಾಷ್ಟ್ರಾಧ್ಯಕ್ಷರೇ ಪ್ರಧಾನಿಯನ್ನು ನೇಮಿಸುತ್ತಾರೆ. ಆದ್ದರಿಂದ ಇಂದಿನ ಫ್ರಾನ್ಸಿನ ಪ್ರಧಾನಿಯನ್ನು ಮನಸ್ಸಿನಲ್ಲಿಟ್ಟುಕೊಂಡು 1954ರ ಪ್ರಧಾನಿಯನ್ನು ಓದಿದರೆ ಇಡೀ ಚಿತ್ರವೇ ತಪ್ಪಾಗುತ್ತದೆ.

ಈ ನಿಯಮ ತಿಳಿದ ಮೇಲೆ ಒಂದು ಹಾಳೆಯಲ್ಲಿ ಮತಗಳ ಕೋಷ್ಟಕವನ್ನು ಮಾಡಿಕೊಳ್ಳಿ: ದಿನಾಂಕ, ವಿಷಯ, ಪರ, ವಿರೋಧ, ದಾಟಬೇಕಿದ್ದ ಗೆರೆ. ಮೆಂಡೆಸ್ ಫ್ರಾನ್ಸ್ ವಿಷಯದಲ್ಲಿ ಮೊದಲ ಸಾಲು 1953ರ ಜೂನ್ 4ರದು. ಪ್ರಧಾನಿ ಪದಕ್ಕೆ ಅಭ್ಯರ್ಥಿಯಾಗಿ ನಿಂತ ಅವರಿಗೆ ಅಂದು 301 ಮತಗಳು ಬಂದವು. 13 ಮತಗಳ ಕೊರತೆಯಿಂದ ಅವಕಾಶ ತಪ್ಪಿತು. ಎರಡನೆಯ ಸಾಲು 1954ರ ಜೂನ್ 17ರ ರಾತ್ರಿಯದು: 419 ಪರ, 47 ವಿರೋಧ. ಈ ಎರಡು ಸಾಲುಗಳ ನಡುವೆ ಏನು ಬದಲಾಯಿತು ಎಂದು ಕೇಳಿಕೊಂಡರೆ ಉತ್ತರ ಒಂದೇ ಸ್ಥಳನಾಮದಲ್ಲಿದೆ. ವಿಯೆಟ್ನಾಮಿನ ವಾಯವ್ಯ ಮೂಲೆಯ ಡಿಯನ್ ಬಿಯನ್ ಫು ಕಣಿವೆಯಲ್ಲಿದ್ದ ಫ್ರೆಂಚ್ ಸೇನಾನೆಲೆ 1954ರ ಮೇ 7ರಂದು ಕಮ್ಯುನಿಸ್ಟರ ನೇತೃತ್ವದಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ವಿಯೆಟ್ ಮಿನ್ ಪಡೆಗಳ ವಶವಾಯಿತು, ಜೂನ್ 12ರಂದು ಜೋಸೆಫ್ ಲಾನಿಯೆಲ್ ಅವರ ಸರ್ಕಾರ ಬಿದ್ದಿತು, ಮತ್ತು ಇಂಡೋಚೀನಾ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿದ್ದ ಫ್ರೆಂಚ್ ವಸಾಹತು) ಯುದ್ಧವನ್ನು 1950ರಿಂದಲೇ ಸಭೆಯಲ್ಲಿ ಟೀಕಿಸುತ್ತ ಬಂದಿದ್ದ ಏಕಾಂಗಿ ಸದಸ್ಯನ ಮಾತಿಗೆ ಥಟ್ಟನೆ ಬೆಲೆ ಬಂದಿತು.

ರಾಜೀನಾಮೆಗಳಿಂದ ಹಿಂದಕ್ಕೆ ನಡೆಯಿರಿ

ಆ ಮಾತಿಗೆ ತೂಕ ಎಲ್ಲಿಂದ ಬಂದಿತು ಎಂಬುದನ್ನು ತಿಳಿಯಲು ಅವರ ಹಿಂದಿನ ಜೀವನಕ್ಕೆ ಹೋಗಬೇಕು. 1907ರ ಜನವರಿ 11ರಂದು ಪ್ಯಾರಿಸಿನಲ್ಲಿ, ಪೋರ್ಚುಗಲ್ ಮೂಲದ ಯಹೂದಿ ಮನೆತನದಲ್ಲಿ ಹುಟ್ಟಿದ ಅವರು ವಕೀಲರಾಗಿ, ಹೆಸರು ಹಾಗಿದ್ದರೂ ಮಧ್ಯಮಮಾರ್ಗದ ರ‍್ಯಾಡಿಕಲ್ ಪಕ್ಷದ ಸದಸ್ಯರಾಗಿ, 1932ರಲ್ಲಿ ತಮ್ಮ 25ನೆಯ ವಯಸ್ಸಿನಲ್ಲಿ ನಾರ್ಮಂಡಿಯ ಯೂರ್ ಜಿಲ್ಲೆಯಿಂದ ಸಂಸತ್ತಿಗೆ ಆಯ್ಕೆಯಾದರು. 1935ರಲ್ಲಿ ಲೂವಿಯೇ ಪಟ್ಟಣದ ಮೇಯರ್ ಆದರು. 1938ರ ವಸಂತದಲ್ಲಿ ಲಿಯೋಂ ಬ್ಲೂಮ್ ಅವರ ಒಂದು ತಿಂಗಳೂ ಬಾಳದ ಎರಡನೇ ಸರ್ಕಾರದಲ್ಲಿ ಖಜಾನೆಯ ಉಪಸಚಿವರಾಗಿದ್ದರು. ಈ ಭಾಗವನ್ನು ಎರಡು ಪ್ಯಾರಾಗಳಲ್ಲಿ ಮುಗಿಸಿದರೂ ನಷ್ಟವಿಲ್ಲ. ಆದರೆ ಅರ್ಥಶಾಸ್ತ್ರ ಅವರ ಮೊದಲ ಆಸಕ್ತಿಯಾಗಿತ್ತು ಎಂಬುದನ್ನು ಮಾತ್ರ ಮರೆಯದೆ ಗುರುತು ಹಾಕಿಕೊಳ್ಳಿ, ಏಕೆಂದರೆ ಮುಂದೆ ಅವರು ಇಂಡೋಚೀನಾ ಯುದ್ಧವನ್ನು ವಿರೋಧಿಸಿದ್ದು ನೀತಿಯ ಕಾರಣಕ್ಕಾಗಿ ಮಾತ್ರವಲ್ಲ, ದೇಶದ ಬೊಕ್ಕಸ ಅದನ್ನು ತಾಳಲಾರದು ಎಂಬ ಲೆಕ್ಕದಿಂದಲೂ ಹೌದು.

ಯುದ್ಧಕಾಲದ ಘಟನೆಗಳಿಗೆ ಹೆಚ್ಚು ಜಾಗ ಕೊಡಿ. 1940ರ ಜೂನ್‌ನಲ್ಲಿ ಫ್ರಾನ್ಸ್ ಕುಸಿದಾಗ ಹೋರಾಟವನ್ನು ಉತ್ತರ ಆಫ್ರಿಕಾದಿಂದ ಮುಂದುವರಿಸುವ ಉದ್ದೇಶದಿಂದ ಅವರು ಮಾಸಿಲಿಯಾ ಎಂಬ ಹಡಗಿನಲ್ಲಿ ಮೊರಾಕ್ಕೊಗೆ ಹೋದರು. ಜರ್ಮನಿಯೊಡನೆ ಸಹಕರಿಸಿದ ಫ್ರಾನ್ಸಿನ ವಿಶೀ ಆಡಳಿತ ಅದನ್ನೇ ಸೈನ್ಯದಿಂದ ಪಲಾಯನವೆಂದು ಹೆಸರಿಸಿ ಅವರನ್ನು ಬಂಧಿಸಿತು, ಮತ್ತು 1941ರ ಮೇ ತಿಂಗಳಲ್ಲಿ ಕ್ಲೆರ್ಮೋಂ-ಫೆರಾಂ ಪಟ್ಟಣದ ಸೇನಾ ನ್ಯಾಯಾಲಯ ಆರು ವರ್ಷಗಳ ಶಿಕ್ಷೆ ವಿಧಿಸಿತು. ಜೂನ್‌ನಲ್ಲಿ ಅವರು ಸೆರೆಯಿಂದ ತಪ್ಪಿಸಿಕೊಂಡು, ತಿಂಗಳುಗಟ್ಟಲೆ ವೇಷ ಮರೆಸಿಕೊಂಡಿದ್ದು, ಕೊನೆಗೆ ಲಂಡನ್ ತಲುಪಿ, ಸ್ವತಂತ್ರ ಫ್ರಾನ್ಸಿನ ಲೊರೇನ್ ಬಾಂಬರ್ ದಳದಲ್ಲಿ ಹಾರಾಟ ನಡೆಸಿದರು. 1943ರ ನವೆಂಬರಿನಲ್ಲಿ ಸ್ವತಂತ್ರ ಫ್ರಾನ್ಸಿನ ನಾಯಕ ಜನರಲ್ ಡಿ ಗಾಲ್, ಮೆಂಡೆಸ್ ಫ್ರಾನ್ಸ್ ಅವರನ್ನು ಆಲ್ಜಿಯರ್ಸ್‌ಗೆ ಕರೆಸಿ ಹಣಕಾಸಿನ ಹೊಣೆ ವಹಿಸಿದರು. 1944ರ ಜುಲೈನಲ್ಲಿ ಯುದ್ಧಾನಂತರದ ಜಾಗತಿಕ ಹಣಕಾಸು ವ್ಯವಸ್ಥೆಯನ್ನು ರೂಪಿಸಿದ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಫ್ರೆಂಚ್ ನಿಯೋಗಕ್ಕೆ ಅವರೇ ಮುಖ್ಯಸ್ಥರು. ಮುಂದೆ ಬಲಪಂಥೀಯರು ಅವರ ದೇಶಭಕ್ತಿಯನ್ನೇ ಪ್ರಶ್ನಿಸಿ, ಯಹೂದಿ ಎಂದು ಹೀಯಾಳಿಸಿದ ಸಂದರ್ಭಗಳನ್ನು ಬರೆಯುವಾಗ ಈ ಹಿನ್ನೆಲೆ ಓದುಗನ ಕಣ್ಣ ಮುಂದಿರಬೇಕು.

ಈಗ ಮೊದಲ ರಾಜೀನಾಮೆಗೆ ಬನ್ನಿ. ವಿಮೋಚನೆಯ ನಂತರ ರಾಷ್ಟ್ರೀಯ ಅರ್ಥವ್ಯವಸ್ಥೆಯ ಸಚಿವರಾದ ಅವರು, ಹಳೆಯ ನೋಟುಗಳನ್ನು ಹಿಂತೆಗೆದುಕೊಂಡು ಬ್ಯಾಂಕ್ ಖಾತೆಗಳ ಒಂದು ಪಾಲನ್ನು ತಡೆಹಿಡಿದು ಚಲಾವಣೆಯಲ್ಲಿರುವ ಹಣವನ್ನು ತಗ್ಗಿಸಬೇಕು, ಇಲ್ಲದಿದ್ದರೆ ಬೆಲೆಯೇರಿಕೆ ಬಡವರ ಬೆನ್ನು ಮುರಿಯುತ್ತದೆ ಎಂದು ವಾದಿಸಿದರು. ಹಣಕಾಸು ಸಚಿವ ರೆನೆ ಪ್ಲೆವೆನ್ ಸೌಮ್ಯವಾದ ದಾರಿಯನ್ನು ಬಯಸಿದರು. ಐದು ವರ್ಷಗಳ ಬವಣೆಯಿಂದ ಆಗಷ್ಟೇ ಹೊರಬಂದ ಜನರ ಮೇಲೆ ಇಂತಹ ಕಠಿಣ ಕ್ರಮ ಹೇರಲು ಮನಸ್ಸಾಗದೆ ಡಿ ಗಾಲ್ ಪ್ಲೆವೆನ್ ಪರ ನಿಂತರು. ಮೆಂಡೆಸ್ ಫ್ರಾನ್ಸ್ 1945ರ ಏಪ್ರಿಲ್‌ನಲ್ಲಿ ಹುದ್ದೆ ತೊರೆದರು. ನಂತರದ ವರ್ಷಗಳಲ್ಲಿ ಫ್ರಾಂಕ್ ಕುಸಿಯುತ್ತ ಹೋಯಿತು. ಅವರ ಯೋಜನೆ ಜಾರಿಯಾಗಿದ್ದರೆ ಏನಾಗುತ್ತಿತ್ತು ಎಂಬ ಊಹೆಗೆ ಕೈಹಾಕುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ಇಷ್ಟು: ತಾನು ಒಪ್ಪದ ನೀತಿಗೆ ಸಚಿವನಾಗಿ ಉಳಿದು ಸಹಿ ಹಾಕುವುದಿಲ್ಲ ಎಂಬ ನಿಯಮವನ್ನು ಅವರು ತಮ್ಮ 38ನೆಯ ವಯಸ್ಸಿನಲ್ಲೇ ಮಾಡಿಕೊಂಡಿದ್ದರು. ನಿಮ್ಮ ಕೋಷ್ಟಕದ ಪಕ್ಕದಲ್ಲಿ ರಾಜೀನಾಮೆಗಳಿಗೂ ಒಂದು ಅಂಕಣವನ್ನು ತೆರೆಯಿರಿ. 1956ರ ಸಾಲನ್ನು ಬರೆಯುವಾಗ 1945ರ ಸಾಲು ಉಪಯೋಗಕ್ಕೆ ಬರುತ್ತದೆ.

ಏಳೂವರೆ ತಿಂಗಳನ್ನು ದಿನಗಳಾಗಿ ಒಡೆಯಿರಿ

ಅಧಿಕಾರಾವಧಿಯನ್ನು ‘ಸಾಧನೆಗಳು’, ‘ವೈಫಲ್ಯಗಳು’ ಎಂದು ವಿಂಗಡಿಸುವುದು ಸುಲಭ, ಆದರೆ ಇಲ್ಲಿ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಒಂದು ಪ್ರಶ್ನೆಯನ್ನು ಬಗೆಹರಿಸಿದ ರೀತಿಯೇ ಇನ್ನೊಂದು ಕಡೆ ಶತ್ರುಗಳನ್ನು ಹುಟ್ಟಿಸಿತು. ಕಾಲಾನುಕ್ರಮವಾಗಿ, ಸಾಧ್ಯವಾದರೆ ದಿನದ ಮಟ್ಟಕ್ಕೆ ಇಳಿದು ಬರೆಯಿರಿ.

ಜೂನ್ 17ರ ಭಾಷಣದಲ್ಲಿ ಅವರು ಎರಡು ಷರತ್ತುಗಳನ್ನು ಹಾಕಿಕೊಂಡರು. ಜುಲೈ 20ರೊಳಗೆ ಇಂಡೋಚೀನಾದಲ್ಲಿ ಕದನವಿರಾಮ ಸಾಧಿಸದಿದ್ದರೆ ತಮ್ಮ ಸರ್ಕಾರ ರಾಜೀನಾಮೆ ಕೊಡುತ್ತದೆ ಎಂಬುದು ಮೊದಲನೆಯದು. ಎರಡನೆಯದು ಹೆಚ್ಚು ವಿಲಕ್ಷಣವಾದದ್ದು: ಬಹುಮತದ ಲೆಕ್ಕದಲ್ಲಿ ಕಮ್ಯುನಿಸ್ಟರ ಮತಗಳನ್ನು ಎಣಿಸುವುದಿಲ್ಲ. ಕಮ್ಯುನಿಸ್ಟರು ಮುನ್ನಡೆಸುತ್ತಿದ್ದ ಎದುರಾಳಿಯೊಡನೆ ಸಂಧಾನಕ್ಕೆ ಕೂರಬೇಕಾದ ಪ್ರಧಾನಿ, ತವರಿನಲ್ಲಿ ಅದೇ ಪಾಳೆಯದ ಬೆಂಬಲದಿಂದ ಉಸಿರಾಡುತ್ತಿದ್ದಾನೆ ಎಂದು ಯಾರಿಗೂ ಅನ್ನಿಸಬಾರದೆಂಬುದು ಅವರ ತರ್ಕವಾಗಿತ್ತು. 419 ಮತಗಳಿಂದ ಕಮ್ಯುನಿಸ್ಟರ ಪಾಲನ್ನು ಕಳೆದರೂ 314ರ ಗೆರೆ ದಾಟಿತ್ತು. ಆದರೂ ಈ ನಡೆಯನ್ನು ಕೇವಲ ಮೆಚ್ಚಿ ಮುಂದೆ ಹೋಗಬಾರದು. ಜನರು ಆರಿಸಿ ಕಳಿಸಿದ ಸದಸ್ಯರ ಒಂದು ದೊಡ್ಡ ಗುಂಪಿನ ಮತಕ್ಕೆ ಬೆಲೆಯಿಲ್ಲ ಎಂದು ಸಾರುವುದು ಪ್ರಜಾಪ್ರಭುತ್ವದ ದೃಷ್ಟಿಯಿಂದ ಸರಿಯೇ ಎಂಬ ಪ್ರಶ್ನೆಯನ್ನು ಓದುಗನ ಮುಂದಿಡಬೇಕು. ಸಚಿವರನ್ನು ಆರಿಸುವಾಗ ಪಕ್ಷಗಳ ಕಚೇರಿಗಳೊಂದಿಗೆ ಚೌಕಾಸಿ ನಡೆಸದೆ ತಾವೇ ನೇರವಾಗಿ ಆರಿಸಿದ್ದು, ವಿದೇಶಾಂಗ ಖಾತೆಯನ್ನು ತಮ್ಮಲ್ಲೇ ಇಟ್ಟುಕೊಂಡದ್ದು, ಶನಿವಾರದ ರೇಡಿಯೊ ಮಾತುಗಳಲ್ಲಿ ಸರ್ಕಾರ ಏನು ಮಾಡುತ್ತಿದೆಯೆಂದು ಜನರಿಗೆ ಸರಳವಾಗಿ ವಿವರಿಸಿದ್ದು ಇವೆಲ್ಲ ಅದೇ ಸ್ವಭಾವದ ಮುಂದುವರಿಕೆ. ಜನ ಮೆಚ್ಚಿದರು, ಪಕ್ಷಗಳ ನಾಯಕರು ಕ್ಷಮಿಸಲಿಲ್ಲ.

ಇಂಡೋಚೀನಾ ಕದನವಿರಾಮಕ್ಕಾಗಿ ನಡೆದ ಜಿನೀವಾ ಸಂಧಾನವನ್ನು ಬರೆಯುವಾಗ ಬರೀ ಗಡುವಿನ ರೋಚಕತೆಗೆ ಮರುಳಾಗದಿರಿ. ಸಮ್ಮೇಳನ ಅವರು ಬರುವ ಮೊದಲೇ, ಏಪ್ರಿಲ್ 26ರಿಂದ ನಡೆಯುತ್ತಿತ್ತು. ಬ್ರಿಟನ್ನಿನ ಆಂಥೊನಿ ಈಡನ್ ಮತ್ತು ಸೋವಿಯತ್ ಒಕ್ಕೂಟದ ಮೊಲೊಟೊವ್ ಸಹಾಧ್ಯಕ್ಷರಾಗಿದ್ದರು. ಮೆಂಡೆಸ್ ಫ್ರಾನ್ಸ್ ಜೂನ್ 23ರಂದು ಬರ್ನ್ ನಗರದಲ್ಲಿ ಚೀನಾದ ಪ್ರಧಾನಿ ಚೌ ಎನ್-ಲಾಯ್ ಅವರನ್ನು ಭೇಟಿಯಾದರು. ಆಗ ಫ್ರಾನ್ಸ್ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆಯನ್ನೇ ಕೊಟ್ಟಿರಲಿಲ್ಲ ಎಂಬುದನ್ನು ನೆನೆದರೆ ಆ ಭೇಟಿಯ ಧೈರ್ಯ ತಿಳಿಯುತ್ತದೆ. ಭಾರತ ಸಮ್ಮೇಳನದ ಸದಸ್ಯ ರಾಷ್ಟ್ರವಾಗಿರಲಿಲ್ಲ, ಆದರೂ ವಿ. ಕೆ. ಕೃಷ್ಣ ಮೆನನ್ ಜಿನೀವಾದಲ್ಲಿದ್ದುಕೊಂಡು ನಿಯೋಗಗಳ ನಡುವೆ ಓಡಾಡಿದರು, ಮತ್ತು ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷತೆ, ಕೆನಡಾ ಮತ್ತು ಪೋಲೆಂಡ್ ಸದಸ್ಯತ್ವದೊಂದಿಗೆ, ಭಾರತದ ಪಾಲಿಗೆ ಬಂದಿತು. ಒಪ್ಪಂದಗಳಿಗೆ ಸಹಿ ಬಿದ್ದದ್ದು ಜುಲೈ 21ರ ನಸುಕಿನಲ್ಲಿ. ವಿಯೆಟ್ನಾಮಿನ ಕದನವಿರಾಮ ಪತ್ರದಲ್ಲಿ ಮಾತ್ರ ಜುಲೈ 20ರ ಮಧ್ಯರಾತ್ರಿಯ ಸಮಯ ನಮೂದಾಗಿದೆ. ಹೀಗಾಗಿ ಬೇರೆ ಬೇರೆ ಬರಹಗಳಲ್ಲಿ ಎರಡು ದಿನಾಂಕಗಳು ಕಂಡರೆ ಯಾವುದನ್ನೂ ತಪ್ಪೆಂದು ಹೊಡೆದುಹಾಕಬೇಡಿ. ವಿಯೆಟ್ನಾಂ 17ನೇ ಅಕ್ಷಾಂಶದ ಬಳಿ ತಾತ್ಕಾಲಿಕವಾಗಿ ಇಬ್ಭಾಗವಾಯಿತು, 1956ರ ಜುಲೈನಲ್ಲಿ ಚುನಾವಣೆ ನಡೆಯಬೇಕೆಂದು ಘೋಷಿಸಲಾಯಿತು, ಆ ಚುನಾವಣೆ ನಡೆಯಲೇ ಇಲ್ಲ. ಜುಲೈ 23ರಂದು ಫ್ರೆಂಚ್ ಸಭೆ 462–13 ಮತಗಳಿಂದ ಸರ್ಕಾರದ ನಡೆಯನ್ನು ಅನುಮೋದಿಸಿತು. ಇಂಡೋಚೀನಾ ಫ್ರಾನ್ಸಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು, ವಿಯೆಟ್ನಾಮಿಗೆ ಮುಗಿಯಲಿಲ್ಲ. ಈ ಎರಡನೆಯ ಅರ್ಧವನ್ನು ಬಿಟ್ಟು ಬರೆದ ಲೇಖನ ಅಪೂರ್ಣ.

ಹತ್ತೇ ದಿನಗಳಲ್ಲಿ, ಜುಲೈ 31ರಂದು, ಅವರು ಟ್ಯುನೀಷಿಯಾಕ್ಕೆ ಹಾರಿ ಕಾರ್ಥೇಜಿನಲ್ಲಿ ಅಲ್ಲಿನ ದೊರೆಯ ಮುಂದೆ ಆಂತರಿಕ ಸ್ವಾಯತ್ತತೆಯನ್ನು ಘೋಷಿಸಿದರು. ಜೊತೆಗೆ ಮಾರ್ಷಲ್ ಜ್ವೇನ್ ಅವರನ್ನು ಕರೆದೊಯ್ದಿದ್ದರು. ವಸಾಹತು ಪರ ಬಲಪಂಥೀಯರು ಗೌರವಿಸುತ್ತಿದ್ದ ಸೇನಾನಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಆ ಜಾಣ್ಮೆಯನ್ನು ಗುರುತಿಸಿ. ಅವರು ಬರಿಯ ಹಟಮಾರಿ ನೀತಿವಾದಿಯಾಗಿರಲಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಯೂರೋಪಿನ ಸೈನ್ಯದ ಪ್ರಶ್ನೆ ಓದುಗನಿಗೆ ಅತ್ಯಂತ ತೊಡಕಿನದು, ಆದ್ದರಿಂದ ಅದನ್ನು ಬಿಡಿಸಿ ಹೇಳಬೇಕು. ಪಶ್ಚಿಮ ಜರ್ಮನಿಗೆ ಮತ್ತೆ ಸೈನ್ಯ ಬೇಕೆಂದು ಅಮೆರಿಕ ಒತ್ತಾಯಿಸಿದಾಗ, ಪ್ರತ್ಯೇಕ ಜರ್ಮನ್ ಸೈನ್ಯದ ಬದಲು ಆರು ದೇಶಗಳ ಒಂದೇ ಸೈನ್ಯವಿರಲಿ ಎಂಬ ಸಲಹೆಯನ್ನು 1950ರಲ್ಲಿ ಫ್ರಾನ್ಸೇ ಮುಂದಿಟ್ಟಿತು. 1952ರ ಮೇ ತಿಂಗಳಲ್ಲಿ ಯೂರೋಪಿಯನ್ ರಕ್ಷಣಾ ಸಮುದಾಯದ ಒಪ್ಪಂದಕ್ಕೆ ಸಹಿಯೂ ಬಿತ್ತು. ಆಮೇಲಿನ ಪ್ರಧಾನಿಗಳು ಯಾರೂ ಅದನ್ನು ಸಭೆಯ ಮುಂದೆ ಮತಕ್ಕೆ ಹಾಕುವ ಸಾಹಸ ಮಾಡಲಿಲ್ಲ. ಮೆಂಡೆಸ್ ಫ್ರಾನ್ಸ್ ಅದನ್ನು ಇತ್ಯರ್ಥಪಡಿಸಲು ನಿಶ್ಚಯಿಸಿ, ಬ್ರಸೆಲ್ಸ್‌ನಲ್ಲಿ ತಿದ್ದುಪಡಿಗಳಿಗೆ ಯತ್ನಿಸಿ ವಿಫಲರಾಗಿ, 1954ರ ಆಗಸ್ಟ್ 30ರಂದು ಸಭೆಗೆ ಬಿಟ್ಟುಕೊಟ್ಟರು. 319–264 ಮತಗಳಿಂದ, ಅದೂ ಒಪ್ಪಂದದ ಗುಣದೋಷಗಳ ಮೇಲಲ್ಲದೆ ಒಂದು ಕಾರ್ಯವಿಧಾನದ ಸೂಚನೆಯ ಮೇಲೆ, ಒಪ್ಪಂದ ಬಿದ್ದುಹೋಯಿತು. ಸರ್ಕಾರ ತನ್ನ ಅಸ್ತಿತ್ವವನ್ನು ಪಣಕ್ಕಿಡಲಿಲ್ಲ. ನನ್ನ ಪ್ರಕಾರ ಅವರ ವೃತ್ತಿಜೀವನದ ಅತಿ ದುರ್ಬಲ ಗಳಿಗೆ ಇದೇ: ಆಳುವುದೆಂದರೆ ಆರಿಸುವುದು ಎಂದು 1953ರಲ್ಲಿ ಸಭೆಗೆ ಹೇಳಿದ್ದ ವ್ಯಕ್ತಿ ಅಂದು ತಾವೇ ಆರಿಸದೆ ತಟಸ್ಥರಾಗಿ ನಿಂತರು. ಕ್ರಿಶ್ಚಿಯನ್ ಡೆಮಾಕ್ರಾಟರ ಪಕ್ಷವಾದ ಎಂಆರ್‌ಪಿ ಇದನ್ನು ಕೊಲೆಯೆಂದೇ ಬಗೆಯಿತು. ನಂತರ ಲಂಡನ್ ಮತ್ತು ಪ್ಯಾರಿಸ್ ಮಾತುಕತೆಗಳಲ್ಲಿ ಜರ್ಮನಿಯನ್ನು ನ್ಯಾಟೊ ಕೂಟಕ್ಕೆ ಸೇರಿಸುವ ಬೇರೆ ದಾರಿಯನ್ನು ಹುಡುಕಿ, ವಿಶ್ವಾಸಮತವನ್ನು ಪಣಕ್ಕಿಟ್ಟು, ಡಿಸೆಂಬರ್ 30ರಂದು 287–260 ಮತಗಳಿಂದ ಅದಕ್ಕೆ ಒಪ್ಪಿಗೆ ಪಡೆದರು. ಈ ಸಲ ಕಮ್ಯುನಿಸ್ಟರು ಕಡು ವೈರಿಗಳಾದರು.

ಪುದುಚೇರಿಯ ಎಳೆ

ಭಾರತದ ಓದುಗರಿಗೆ ಬರೆಯುವವರು ಈ ಭಾಗವನ್ನು ಖಂಡಿತವಾಗಿ ಸೇರಿಸಬೇಕು. ಫ್ರೆಂಚ್ ಬರಹಗಳಲ್ಲಿ ಇದು ಒಂದೆರಡು ಸಾಲುಗಳಲ್ಲಿ ಮುಗಿಯುವುದುಂಟು. ಪುದುಚೇರಿ, ಕಾರೈಕಲ್, ಮಾಹೆ, ಯಾಣಂ ಈ ನಾಲ್ಕು ನೆಲೆಗಳು 1947ರ ನಂತರವೂ ಫ್ರಾನ್ಸಿನ ಕೈಯಲ್ಲಿದ್ದವು. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಕರಾವಳಿ ರೈಲುಮಾರ್ಗದಲ್ಲಿ ಸಿಗುವ ಮಾಹೆ ಕನ್ನಡ ನಾಡಿನ ಇತಿಹಾಸಕ್ಕೂ ಹೊರಗಿನದಲ್ಲ. 1779ರಲ್ಲಿ ಬ್ರಿಟಿಷರು ಅದನ್ನು ಫ್ರೆಂಚರಿಂದ ಕಸಿದುಕೊಂಡದ್ದು ಹೈದರ್ ಅಲಿ ಎರಡನೇ ಮೈಸೂರು ಯುದ್ಧಕ್ಕೆ ಇಳಿಯಲು ಒಂದು ಮುಖ್ಯ ಕಾರಣವಾಗಿತ್ತು. 1954ರ ಬೇಸಿಗೆಯ ಹೊತ್ತಿಗೆ ಈ ನೆಲೆಗಳಲ್ಲಿ ವಿಲೀನ ಚಳವಳಿ ಬಲಗೊಂಡಿತ್ತು, ಮಾಹೆ ಮತ್ತು ಯಾಣಂಗಳ ಆಡಳಿತ ಚಳವಳಿಗಾರರ ಕೈಸೇರಿತ್ತು. ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿದ ಚುನಾಯಿತ ಪ್ರತಿನಿಧಿಗಳು 170–8 ಮತಗಳಿಂದ ಭಾರತದೊಂದಿಗೆ ಸೇರಲು ತೀರ್ಮಾನಿಸಿದರು, 21ರಂದು ದೆಹಲಿಯಲ್ಲಿ ಒಪ್ಪಂದವಾಯಿತು, ನವೆಂಬರ್ 1ರಂದು ಆಡಳಿತ ಹಸ್ತಾಂತರವಾಯಿತು. ಕಾನೂನಿನ ಪ್ರಕಾರ ಪೂರ್ಣ ಹಸ್ತಾಂತರಕ್ಕೆ 1956ರ ಒಪ್ಪಂದ ಮತ್ತು 1962ರ ಅನುಮೋದನೆಯವರೆಗೆ ಕಾಯಬೇಕಾಯಿತು. ಆದ್ದರಿಂದ ‘ಪುದುಚೇರಿ ಭಾರತಕ್ಕೆ ಸೇರಿದ ವರ್ಷ’ ಎಂದು ಬರೆಯುವಾಗ ಯಾವ ಅರ್ಥದಲ್ಲಿ ಎಂದು ಸ್ಪಷ್ಟಪಡಿಸಿ.

ಅದೇ ನವೆಂಬರ್ 1ರ ಎದುರಿಗೆ ಇನ್ನೊಂದು ಘಟನೆಯನ್ನು ಬರೆದುಕೊಳ್ಳಿ. ಮುಂದೆ ಎರಡು ವರ್ಷಕ್ಕೆ ಕನ್ನಡ ನಾಡಿನ ಏಕೀಕರಣದ ದಿನವಾಗಿ ನಮಗೆ ಮುಖ್ಯವಾದ ಆ ದಿನಾಂಕದಂದೇ, 1954ರಲ್ಲಿ, ಪುದುಚೇರಿಯಲ್ಲಿ ಫ್ರೆಂಚ್ ಧ್ವಜ ಶಾಂತವಾಗಿ ಇಳಿಯುತ್ತಿದ್ದಾಗ ಅಲ್ಜೀರಿಯಾದಲ್ಲಿ ರಾಷ್ಟ್ರೀಯ ವಿಮೋಚನಾ ರಂಗದ ದಾಳಿಗಳು ಆರಂಭವಾದವು. ಇಂಡೋಚೀನಾದಲ್ಲಿ ಮಾತುಕತೆ, ಟ್ಯುನೀಷಿಯಾದಲ್ಲಿ ಸ್ವಾಯತ್ತತೆ, ಭಾರತದಲ್ಲಿ ಹಸ್ತಾಂತರ ಎಂದ ಪ್ರಧಾನಿ ಅಲ್ಜೀರಿಯಾದ ವಿಷಯದಲ್ಲಿ ಮಾತ್ರ ನವೆಂಬರ್ 12ರಂದು ಸಭೆಯಲ್ಲಿ, ಅಲ್ಜೀರಿಯಾದ ಜಿಲ್ಲೆಗಳು ಫ್ರೆಂಚ್ ಗಣರಾಜ್ಯದ ಭಾಗ, ಅಲ್ಲಿ ಪ್ರತ್ಯೇಕತೆಯ ಮಾತೇ ಇಲ್ಲ ಎಂಬರ್ಥದಲ್ಲಿ ಖಡಾಖಂಡಿತವಾಗಿ ಹೇಳಿ, ಸೈನ್ಯವನ್ನು ಕಳುಹಿಸಿದರು. ಅವರನ್ನು ಮೆಚ್ಚುವ ಬರಹಗಾರರು ಈ ಪ್ಯಾರಾವನ್ನು ಚಿಕ್ಕದಾಗಿಸುವ ಆಸೆಗೆ ಬೀಳುತ್ತಾರೆ. ಹಾಗೆ ಮಾಡಬೇಡಿ. ಕಾನೂನಿನ ಕಣ್ಣಿನಲ್ಲಿ ಟ್ಯುನೀಷಿಯಾ ರಕ್ಷಿತ ರಾಜ್ಯವಾಗಿತ್ತು, ಅಲ್ಜೀರಿಯಾ ಫ್ರಾನ್ಸಿನದೇ ನೆಲವಾಗಿತ್ತು, ಅಲ್ಲಿ ಸುಮಾರು ಹತ್ತು ಲಕ್ಷ ಯೂರೋಪಿಯನ್ನರು ನೆಲೆಸಿದ್ದರು. ಈ ವ್ಯತ್ಯಾಸ ಆ ಮಾತಿಗೆ ಕಾರಣವನ್ನು ಕೊಡುತ್ತದೆ, ಸಮರ್ಥನೆಯನ್ನು ಕೊಡುವುದಿಲ್ಲ.

ಪತನದ ಲೆಕ್ಕ

1955ರ ಫೆಬ್ರವರಿ 5ರ ನಸುಕಿನಲ್ಲಿ, ಉತ್ತರ ಆಫ್ರಿಕಾ ನೀತಿಯ ಮೇಲಿನ ವಿಶ್ವಾಸಮತದಲ್ಲಿ 319–273ರಿಂದ ಸರ್ಕಾರ ಬಿದ್ದಿತು. ಆಗಸ್ಟ್ 30ರಂದೂ 319, ಫೆಬ್ರವರಿ 5ರಂದೂ 319. ಸಂಖ್ಯೆ ಒಂದೇ ಆದದ್ದರಿಂದ ವಿದ್ಯಾರ್ಥಿಗಳು ಈ ಎರಡನ್ನು ಬೆರೆಸಿಬಿಡುವುದು ಸುಲಭ. ಕಮ್ಯುನಿಸ್ಟರು ಎರಡರಲ್ಲೂ ಇದ್ದರು. ಎಂಆರ್‌ಪಿ ಸದಸ್ಯರು ಆಗಸ್ಟಿನಲ್ಲಿ ಸೋತ ಪಾಳೆಯದಲ್ಲಿದ್ದು ಫೆಬ್ರವರಿಯಲ್ಲಿ ಗೆದ್ದ ಪಾಳೆಯದಲ್ಲಿದ್ದರು. ಅಂದರೆ ಸರ್ಕಾರವನ್ನು ಉರುಳಿಸಿದವರಲ್ಲಿ ಒಂದು ಗುಂಪಿಗೆ ಯೂರೋಪಿನ ಸೈನ್ಯ ಬಿದ್ದುಹೋದ ಸಿಟ್ಟು, ಇನ್ನೊಂದಕ್ಕೆ ಜರ್ಮನಿಗೆ ಸೈನ್ಯ ಬಂದ ಸಿಟ್ಟು, ಮೂರನೆಯದಕ್ಕೆ ಟ್ಯುನೀಷಿಯಾ ಕೈತಪ್ಪುವ ಸಿಟ್ಟು. ಕಟುವಾಗಿ ಮಾತನಾಡಿದವರಲ್ಲಿ ಒಬ್ಬರು ಅವರದೇ ರ‍್ಯಾಡಿಕಲ್ ಪಕ್ಷದ ರೆನೆ ಮೇಯರ್, ಅಲ್ಜೀರಿಯಾದ ಕಾನ್‌ಸ್ಟಂಟೀನ್ ಕ್ಷೇತ್ರದ ಪ್ರತಿನಿಧಿ. ಮನೆಯಲ್ಲೇ ಮದ್ಯ ಬಟ್ಟಿಯಿಳಿಸುವವರ ಹಳೆಯ ಹಕ್ಕನ್ನು ಮೊಟಕುಗೊಳಿಸಲು ಹೊರಟು, ಶಾಲಾಮಕ್ಕಳಿಗೆ ಹಾಲು ಕೊಡಿಸಿ, ತಾವೂ ಸಾರ್ವಜನಿಕವಾಗಿ ಹಾಲು ಕುಡಿದದ್ದಕ್ಕೆ ಗ್ರಾಮೀಣ ಕ್ಷೇತ್ರಗಳ ಸದಸ್ಯರಲ್ಲಿ ಉಂಟಾದ ಅಸಮಾಧಾನವೂ ಇದರೊಳಗಿತ್ತು. ಸೋತ ಪ್ರಧಾನಿ ಮತ ಎಣಿಕೆಯ ನಂತರ ಮಾತನಾಡುವ ಸಂಪ್ರದಾಯವಿರಲಿಲ್ಲ. ಅವರು ವೇದಿಕೆಗೆ ಹೋಗಿ ಮಾತನಾಡಲು ಯತ್ನಿಸಿದಾಗ ಗದ್ದಲವೆಬ್ಬಿಸಿ ತಡೆಯಲಾಯಿತು.

ಇಲ್ಲಿಯೇ ಕೋಷ್ಟಕದ ‘ಗೆರೆ’ ಎಂಬ ಅಂಕಣ ಮತ್ತೆ ಕೆಲಸಕ್ಕೆ ಬರುತ್ತದೆ. ಸಂವಿಧಾನದ ಪ್ರಕಾರ ಹದಿನೆಂಟು ತಿಂಗಳೊಳಗೆ ಎರಡು ಸರ್ಕಾರಗಳು ಪೂರ್ಣ ಬಹುಮತದಿಂದ ತಿರಸ್ಕೃತವಾದರೆ ಮಾತ್ರ ಸಭೆಯನ್ನು ವಿಸರ್ಜಿಸಬಹುದಿತ್ತು. ಫೆಬ್ರವರಿಯ 319 ಮತಗಳು 314ನ್ನು ದಾಟಿದ್ದವು. ಉತ್ತರಾಧಿಕಾರಿ ಎಡ್ಗರ್ ಫೋರ್ ಅವರನ್ನು ನವೆಂಬರ್ 29ರಂದು 318 ಮತಗಳಿಂದ ಉರುಳಿಸಿದಾಗ ವಿರೋಧಿಗಳು ತಮಗರಿವಿಲ್ಲದೆ ಎರಡನೆಯ ಷರತ್ತನ್ನೂ ಪೂರೈಸಿದರು. ಫೋರ್ ಸಭೆಯನ್ನು ವಿಸರ್ಜಿಸಿ, 1956ರ ಜನವರಿ 2ರಂದು ಚುನಾವಣೆ ನಡೆಯಿತು. ಮತಸಂಖ್ಯೆಯನ್ನು ಬರೀ ಅಲಂಕಾರಕ್ಕೆಂದು ಬರೆದುಕೊಂಡವರಿಗೆ ಈ ಸಂಬಂಧ ಕಾಣಿಸುವುದೇ ಇಲ್ಲ.

1955ಕ್ಕೆ ನಿಲ್ಲಬೇಡಿ

ಆ ಚುನಾವಣೆಯನ್ನು ಮೆಂಡೆಸ್ ಫ್ರಾನ್ಸ್ ಅವರ ಹೆಸರಿನ ಬಲದಿಂದ ರಿಪಬ್ಲಿಕನ್ ರಂಗ ಎಂಬ ಮಧ್ಯ-ಎಡ ಪಕ್ಷಗಳ ಕೂಟ ಎದುರಿಸಿತು. ಆದರೆ ಪ್ರಧಾನಿ ಪದ ಸಮಾಜವಾದಿ ಗಿ ಮೊಲೆ ಅವರ ಪಾಲಾಯಿತು. ಖಾತೆಯಿಲ್ಲದ ಸಚಿವರಾಗಿ ಒಳಗಿದ್ದ ಮೆಂಡೆಸ್ ಫ್ರಾನ್ಸ್, ಅಲ್ಜೀರಿಯಾದಲ್ಲಿ ಸುಧಾರಣೆಗಳಿಲ್ಲದೆ ಬರೀ ಸೈನಿಕ ಬಲ ಬೆಳೆಯುತ್ತಿರುವುದನ್ನು ಒಪ್ಪದೆ 1956ರ ಮೇ ತಿಂಗಳಲ್ಲಿ ಹೊರಬಂದರು. 1954ರ ನವೆಂಬರಿನ ಮಾತಿನಿಂದ ಈ ರಾಜೀನಾಮೆಯವರೆಗಿನ ಹದಿನೆಂಟು ತಿಂಗಳ ಬದಲಾವಣೆ ನಿಮ್ಮ ಬರಹದ ನಡುಗಂಬವಾಗಬಹುದು. 1957ರಲ್ಲಿ ಅವರು ಯೂರೋಪಿನ ಸಾಮಾನ್ಯ ಮಾರುಕಟ್ಟೆಯ ರೋಮ್ ಒಪ್ಪಂದವನ್ನೂ ವಿರೋಧಿಸಿದರು ಎಂಬುದನ್ನು ಅಡಗಿಸಬೇಡಿ. ದೇಶವನ್ನು ಆಧುನಿಕಗೊಳಿಸಲು ಹೊರಟ ನಾಯಕ ಎಂಬ ಚಿತ್ರಕ್ಕೆ ಅದು ಸುಲಭವಾಗಿ ಹೊಂದುವುದಿಲ್ಲ, ಹೊಂದಿಸಲು ಹೆಣಗುವ ಅಗತ್ಯವೂ ಇಲ್ಲ.

1958ರ ಮೇ ತಿಂಗಳಲ್ಲಿ ಆಲ್ಜಿಯರ್ಸ್‌ನ ದಂಗೆ ಮತ್ತು ಸೈನ್ಯದ ಬೆದರಿಕೆಯ ನೆರಳಿನಲ್ಲಿ ಡಿ ಗಾಲ್ ಅಧಿಕಾರಕ್ಕೆ ಮರಳಿದಾಗ, ತಾವು ಹಿಂದೆ ಯಾರ ಕೈಕೆಳಗೆ ಹೋರಾಡಿದ್ದರೋ ಅವರ ವಿರುದ್ಧವೇ ಜೂನ್ 1ರಂದು ಮತ ಹಾಕಿದರು. ವ್ಯಕ್ತಿಯ ಬಗ್ಗೆ ಗೌರವವಿದ್ದರೂ, ದಂಗೆಯ ಒತ್ತಡದಲ್ಲಿ ಸಂಸತ್ತು ಮತ ಹಾಕುವುದನ್ನು ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ ಯೂರ್ ಮತದಾರರು ಅವರನ್ನು ಸೋಲಿಸಿದರು. ಅಲ್ಲಿಂದ ಮುಂದಿನ ವರ್ಷಗಳನ್ನು ವೇಗವಾಗಿ ದಾಟಬಹುದು: ಎಡಪಂಥದ ಸಣ್ಣ ಪಕ್ಷವಾದ ಪಿಎಸ್‌ಯು, 1967ರಲ್ಲಿ ಗ್ರೆನೊಬ್ಲ್‌ನಿಂದ ಗೆಲುವು, 1968ರ ಮೇ ತಿಂಗಳ ವಿದ್ಯಾರ್ಥಿ ಚಳವಳಿಯ ಕಾಲದಲ್ಲಿ ಶಾರ್ಲೆತಿ ಕ್ರೀಡಾಂಗಣದ ಸಭೆಯಲ್ಲಿ ಹಾಜರಿ, ಮರುತಿಂಗಳು ಅದೇ ಗ್ರೆನೊಬ್ಲ್‌ನಲ್ಲಿ 132 ಮತಗಳ ಸೋಲು, 1969ರ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಅಭ್ಯರ್ಥಿ ಗಾಸ್ತೋಂ ದೆಫೇರ್ ಜೊತೆ ಪ್ರಚಾರ ಮಾಡಿ ಗಳಿಸಿದ ಕೇವಲ 5 ಶೇಕಡಾ ಮತ. 1981ರ ಮೇ 21ರಂದು ರಾಷ್ಟ್ರಾಧ್ಯಕ್ಷರಾಗಿ ಅಧಿಕಾರ ಸ್ವೀಕರಿಸಿದ ಫ್ರಾಂಸ್ವಾ ಮಿತ್ತೆರಾಂ ಎಲ್ಲರೆದುರು ಅವರನ್ನು ಅಪ್ಪಿಕೊಂಡರು; 1982ರ ಅಕ್ಟೋಬರ್ 18ರಂದು ಮೆಂಡೆಸ್ ಫ್ರಾನ್ಸ್ ತೀರಿಕೊಂಡರು. 1954ರಲ್ಲಿ ಈ ಮಿತ್ತೆರಾಂ, ಮೆಂಡೆಸ್ ಫ್ರಾನ್ಸ್ ಸರ್ಕಾರದ ಗೃಹಸಚಿವರಾಗಿದ್ದರು.

ಬರೆದು ಮುಗಿಸುವ ಮೊದಲು ಉಲ್ಲೇಖಗಳನ್ನು ಮೂಲದೊಂದಿಗೆ ತಾಳೆ ನೋಡಿ. ನಾಲ್ಕನೇ ಗಣರಾಜ್ಯದ ಸಂಸತ್ ಚರ್ಚೆಗಳ ಅಧಿಕೃತ ವರದಿಗಳನ್ನು ಫ್ರೆಂಚ್ ರಾಷ್ಟ್ರೀಯ ಸಭೆ ಅಂತರಜಾಲದಲ್ಲಿ ಇಟ್ಟಿದೆ. ಫ್ರೆಂಚ್ ಅಲ್ಪಸ್ವಲ್ಪ ಬಂದರೂ ಯಾರು ಯಾವಾಗ ಮಾತನಾಡಿದರು, ಯಾರು ಅಡ್ಡಿಪಡಿಸಿದರು, ಯಾವ ಸದಸ್ಯ ಎತ್ತ ಮತ ಹಾಕಿದ ಎಂಬುದನ್ನು ಅವುಗಳಿಂದ ಹೆಕ್ಕಬಹುದು. ಪುದುಚೇರಿಯ ಭಾಗಕ್ಕೆ ನಮ್ಮ ಲೋಕಸಭೆಯ 1954ರ ಚರ್ಚೆಗಳನ್ನು ನೋಡಿ. ಅಲ್ಜೀರಿಯಾ ಎಂದರೆ ಫ್ರಾನ್ಸ್ ಎಂಬ ಪ್ರಸಿದ್ಧ ಮಾತು ಮಿತ್ತೆರಾಂ ಅವರದು. ಅದನ್ನು ಮೆಂಡೆಸ್ ಫ್ರಾನ್ಸ್ ಬಾಯಲ್ಲಿ ಹಾಕಬಾರದು, ಅವರ ನವೆಂಬರ್ 12ರ ಮಾತು ಅದಕ್ಕಿಂತ ಮೃದುವಾಗಿತ್ತು ಎಂದು ತೇಲಿಸಲೂ ಬಾರದು. ಆಳುವುದೆಂದರೆ ಆರಿಸುವುದು ಎಂಬ ಮಾತು ಅವರಿಗಿಂತ ಬಹಳ ಹಿಂದಿನದು, ಅವರು ಅದನ್ನು ತಮ್ಮ ಕಾರ್ಯಕ್ರಮದ ಹೆಸರಾಗಿಸಿಕೊಂಡರು ಅಷ್ಟೇ. ಹಾಗೆಂದು ಒಂದು ಸಾಲು ಸೇರಿಸಿದರೆ ಸಾಕು.